ಹಕ್ಕಿಹೆಜ್ಜೆಯ ಅಂಚು

“ಸರ್, ನಂದು ಅನ್ನೂದು ಒಂದ ಮಾತರ ನನ್ನ ಕಡೆ ಐತೇನ್ರಿ?”

ಸಕ್ರಿಬಾಯಿ ಈ ಪ್ರಶ್ನೆಯನ್ನು ನಿಂತುಕೊಂಡೇ ಕೇಳಿದಳು. ಈರಸಂಗಪ್ಪ ಸರ್ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ. ಕೂತರೆ ಗಟ್ಟಿ ಮಾಡಿಕೊಂಡು ಬಂದ ಮನಸ್ಸು ಎಲ್ಲಿ ಸಡಿಲವಾಗುತ್ತದೋ ಎಂಬ ಅಂಜಿಕೆ ಅವಳಿಗೆ ಇತ್ತು.

ಅವಳು ವಿಶ್ವವಿದ್ಯಾಲಯಕ್ಕೆ ಬಂದು ಐದು ವರ್ಷವಾಗಿತ್ತು. ಲಂಬಾಣಿ ತಾಂಡಾಗಳಲ್ಲಿ ಮದುಮಗಳು ತವರು ಬಿಡುವಾಗ ಅಳುತ್ತ ಹಾಡುವ ಹಾಡುಗಳ ಮೇಲೆ ಅವಳ ಸಂಶೋಧನೆ. ಈರಸಂಗಪ್ಪ ಸರ್ ಅವಳ ಮಾರ್ಗದರ್ಶಕರು. ಬರೆದದ್ದು ಮುನ್ನೂರು ಪುಟ ದಾಟಿತ್ತು. ಪ್ರಬಂಧ ಒಪ್ಪಿಸುವ ಕೊನೆಯ ದಿನ ಸೋಮವಾರ, ಅಂದು ಗುರುವಾರ. ಉಳಿದಿದ್ದದ್ದು ಒಂದೇ ಒಂದು ಸಹಿ. ಪ್ರಬಂಧದ ಮೊದಲ ಹಾಳೆಯಲ್ಲಿ ‘ಇದು ನನ್ನ ಸ್ವಂತ ಕೃತಿ’ ಎಂದು ಪ್ರಮಾಣ ಮಾಡಿ ಸಹಿ ಹಾಕಬೇಕು. ಎಲ್ಲರೂ ಆ ಹಾಳೆಯನ್ನು ಓದದೆಯೇ ಸಹಿ ಹಾಕುತ್ತಾರೆ. ಸಕ್ರಿಬಾಯಿ ಓದಿದಳು. ಓದಿದ್ದೇ ತಾಪತ್ರಯವಾಯಿತು.

ತನ್ನದು ಯಾವುದು ಎಂದು ನೋಡಲು ಅವಳು ಬರೆದದ್ದರ ಬೆನ್ನು ಹತ್ತಿ ಹಿಂದಕ್ಕೆ ಹೋದಳು. ಅಜ್ಜಿ ಕಟ್ಟಿದ್ದು ಎಂದು ನಂಬಿದ್ದ ಹಾಡು ಎರಡು ರಾಜ್ಯಗಳಾಚೆಯ ತಾಂಡಾದಲ್ಲೂ ಇತ್ತು. ಎರಡನೆಯ ಅಧ್ಯಾಯದ ವಿಚಾರ ಸರ್ ತರಗತಿಯಲ್ಲಿ ಹೇಳಿದ್ದು. ಸರ್ ಅದನ್ನು ಯಾವುದೋ ಪುಸ್ತಕದಲ್ಲಿ ಓದಿದ್ದರು. ಮೂರನೆಯ ಅಧ್ಯಾಯವಾದರೂ ನನ್ನದೇ ಎಂದು ಅವಳು ಬಿಗಿಯಾಗಿ ಹಿಡಿದುಕೊಂಡಿದ್ದಳು. ಹಳೆಯ ಟಿಪ್ಪಣಿ ಪುಸ್ತಕ ತೆರೆದಾಗ, ಅದರ ಮುಖ್ಯ ಮಾತು ಗೆಳತಿಯೊಬ್ಬಳು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಆಡಿದ್ದು ಎಂದು ತಿಳಿಯಿತು. ಭಾಷೆಯ ಗತಿಯೂ ಅಷ್ಟೇ ಆಗಿತ್ತು. ಮನೆಯಲ್ಲಿ ಆಡುವುದು ಲಂಬಾಣಿ, ಬರೆಯುವುದು ಕನ್ನಡ, ಓದಿದ ವಿಚಾರಗಳು ಬಂದದ್ದು ಇಂಗ್ಲಿಷಿನಿಂದ. ಈಗ ನೀನು ನಮ್ಮ ಹಾಗೆ ಮಾತಾಡುವುದಿಲ್ಲ ಎಂದು ತಾಂಡಾದವರು ಅನ್ನುತ್ತಿದ್ದರು. ಇಲ್ಲಿಯವರು ಅವಳ ಕನ್ನಡ ಕೇಳಿ ನಿನ್ನದು ಯಾವ ಊರು ಎನ್ನುತ್ತಿದ್ದರು.

ಅವಳು ಒಂದು ಅರ್ಜಿಯನ್ನು ಮೇಜಿನ ಮೇಲೆ ಇಟ್ಟಳು. “ನನ್ನ ನೋಂದಣಿ ರದ್ದು ಮಾಡ್ಸಿಬಿಡ್ರಿ. ಸುಳ್ಳು ಸಹಿ ನಾ ಮಾಡಂಗಿಲ್ಲ” ಎಂದಳು.

ಸರ್ ಅರ್ಜಿಯನ್ನು ಎರಡು ಸಲ ಓದಿದರು. “ಚೊಲೋ ಬರದೀ. ಇದರಾಗಿನ ಮಾತಾದ್ರೂ ನಿನ್ನವೇನು?”

ಸಕ್ರಿಬಾಯಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. “ಇಲ್ರಿ. ಆಫೀಸಿನಾಗ ಯಾರದೋ ಹಳೇ ಅರ್ಜಿ ಇತ್ತು. ಅದನ್ನ ನೋಡಿ ಬರದೀನಿ” ಎಂದಳು.

ಸರ್ ನಗಲಿಲ್ಲ. ಅರ್ಜಿಯನ್ನು ಮಡಚಿ ಪಕ್ಕಕ್ಕೆ ಇಟ್ಟು ಕತೆ ಶುರುಮಾಡಿದರು. ಅವರು ಉಳಿದ ಹೊತ್ತಿನಲ್ಲಿ ಎಷ್ಟೇ ಆಡುಮಾತಿನವರಾದರೂ ಕತೆ ಹೇಳುವಾಗ ಮಾತ್ರ ಪುಸ್ತಕದ ಕನ್ನಡಕ್ಕೆ ಬರುತ್ತಿದ್ದರು. ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ವಯಸ್ಸು ನಲವತ್ತು ದಾಟಿತ್ತು, ಕೈ ಚೆನ್ನಾಗಿ ಪಳಗಿತ್ತು. ಆದರೆ ಊರಿನಲ್ಲಿ ಅವನಿಗೆ ಹೆಸರಿರಲಿಲ್ಲ.

ತೊಟ್ಟಿಲಲ್ಲಿ ಹಾಕಿ ಇಟ್ಟ ಹೆಸರು ಇತ್ತು. ಅದನ್ನು ಹಿಡಿದು ಯಾರೂ ಕರೆಯುತ್ತಿರಲಿಲ್ಲ ಅಷ್ಟೇ. ಆ ಊರಿನ ನೇಕಾರರಲ್ಲಿ ಒಂದು ಪದ್ಧತಿ ಇತ್ತು. ಪ್ರತಿಯೊಬ್ಬನೂ ಬದುಕಿನಲ್ಲಿ ಒಮ್ಮೆ ಹೆಸರಿನ ಸೀರೆ ನೇಯಬೇಕು. ವರ್ಷಕ್ಕೊಂದು ದಿನ ಮಠದ ಅಂಗಳದಲ್ಲಿ ಹಿರಿಯರು ಕೂಡುತ್ತಾರೆ. ನೇದವನು ಸೀರೆಯನ್ನು ಅವರ ಮುಂದೆ ಹಾಸಿ ನಿಲ್ಲಬೇಕು. ಇದು ಯಾರದು ಎಂದು ಹಿರಿಯರು ಒಂದೇ ಪ್ರಶ್ನೆ ಕೇಳುತ್ತಾರೆ. ಅವನು ಸೀರೆಯನ್ನು ಮುಟ್ಟಿ ನನ್ನದು ಎನ್ನಬೇಕು. ಅಂದಿನಿಂದ ಅವನನ್ನು ಹೆಸರು ಹಿಡಿದು ಕರೆಯುತ್ತಾರೆ, ಕೂಟದಲ್ಲಿ ಅವನ ಮಾತಿಗೆ ಕಿವಿ ಕೊಡುತ್ತಾರೆ. ಅಲ್ಲಿಯ ತನಕ ಅವನು ಇಂಥವರ ಮಗ. ಮೀಸೆ ನೆರೆತರೂ ಇಂಥವರ ಮಗನೇ.

ಉಳಿದವರು ಇಪ್ಪತ್ತೈದಕ್ಕೋ ಮೂವತ್ತಕ್ಕೋ ಸೀರೆ ಹಾಸಿ ಹೆಸರು ಪಡೆದಿದ್ದರು. ಈ ನೇಕಾರ ಅವಸರ ಮಾಡಲಿಲ್ಲ. ಒಂದು ಎಳೆ ಕೂಡ ಹೆಚ್ಚುಕಡಿಮೆ ಇರಬಾರದು ಎಂಬ ಹಟ ಅವನದು. ಹತ್ತು ವರ್ಷ ನೇದು, ಬೇಡವೆಂದು ಬಿಟ್ಟು, ಮತ್ತೆ ನೇದು, ಕೊನೆಗೆ ಒಂದು ಸೀರೆ ಅವನ ಮನಸ್ಸಿಗೆ ಬಂತು. ಅದನ್ನು ಮಡಚಿ ಪೆಟ್ಟಿಗೆಯಲ್ಲಿ ಇಟ್ಟ. ಅದರ ಅಂಚು ಅವನ ಮನೆಯ ಅಂಚು. ಕೆಂಪು ನೂಲಿನ ಮೇಲೆ ಮೂರು ಬೆರಳಿನ ಬಿಳಿಯ ಹೆಜ್ಜೆಗಳು ಸಾಲಾಗಿ ನಡೆದು ಹೋಗುತ್ತವೆ. ಹಕ್ಕಿಹೆಜ್ಜೆ ಎಂದು ಅದರ ಹೆಸರು. ಅಜ್ಜ ಅದನ್ನು ತನ್ನ ತಲೆಯಿಂದ ಹುಟ್ಟಿಸಿದ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಊರಿನಲ್ಲಿ ಬೇರೆ ಯಾರೂ ಅದನ್ನು ನೇಯುತ್ತಿರಲಿಲ್ಲ.

ಹಿರಿಯರು ಕೂಡುವುದಕ್ಕೆ ನಾಲ್ಕು ದಿನ ಇತ್ತು. ಪಕ್ಕದ ಮನೆಯ ಬಸುರಿಯ ಕುಬಸಕ್ಕೆ ಪರ ಊರಿನಿಂದ ಒಬ್ಬ ಮುದುಕಿ ಬಂದಳು. ಅವಳು ಉಟ್ಟ ಸೀರೆ ಒಗೆದು ಒಗೆದು ಬಣ್ಣಗೆಟ್ಟಿತ್ತು. ಅಂಚು ಮಾತ್ರ ಕಾಣುತ್ತಿತ್ತು. ನೇಕಾರ ಅದನ್ನು ನೋಡಿದ. ಮತ್ತೆ ನೋಡಿದ. ಅದು ಹಕ್ಕಿಹೆಜ್ಜೆ.

“ಯವ್ವಾ, ಈ ಸೀರಿ ಎಲ್ಲೀದು?” ಎಂದು ಕೇಳಿದ.

“ನನ್ನ ತವರಿಂದಪ್ಪಾ. ನಮ್ಮವ್ವನ ಮದುವಿ ಸೀರಿ. ಇದು ನಮ್ಮೂರಿನ ಅಂಚು” ಎಂದಳು ಮುದುಕಿ.

ಮುದುಕಿಗೆ ಎಂಬತ್ತರ ಮೇಲಾಗಿತ್ತು. ಅವಳ ತಾಯಿಯ ಮದುವೆಯ ಹೊತ್ತಿಗೆ ನೇಕಾರನ ಅಜ್ಜ ಇನ್ನೂ ಅಂಬೆಗಾಲಿಡುತ್ತಿದ್ದ. ನೇಕಾರ ಒಳಗೆ ಹೋಗಿ ಪೆಟ್ಟಿಗೆ ತೆಗೆದ. ಹತ್ತು ವರ್ಷದ ಸೀರೆಯನ್ನು ತಂದು ಮುದುಕಿಯ ಮಡಿಲಿಗೆ ಹಾಕಿದ. ಇದು ನಿಮ್ಮದು, ನಮ್ಮ ಮನೆಯಲ್ಲಿ ತಪ್ಪಿ ಉಳಿದಿತ್ತು ಎಂದ. ಮುದುಕಿಗೆ ಏನೂ ತಿಳಿಯಲಿಲ್ಲ. ಆದರೂ ಸೀರೆ ಚೆನ್ನಾಗಿತ್ತು, ತೆಗೆದುಕೊಂಡಳು.

ಆ ವರ್ಷ ಅವನು ಮಠದ ಅಂಗಳಕ್ಕೆ ಹೋಗಲಿಲ್ಲ. ಬೇರೆಯವರ ಅಂಚನ್ನು ಮುಟ್ಟಿ ನನ್ನದು ಎನ್ನುವ ಎದೆ ಅವನಿಗೆ ಇರಲಿಲ್ಲ. ಊರವರು ಆಡಿಕೊಂಡರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಅಂಚು ಮೊದಲು ಯಾರದು ಎಂದು ತಿಳಿಯುವ ತನಕ ಮಗ್ಗಕ್ಕೆ ಕೂರುವುದಿಲ್ಲ ಎಂದು ಹೆಂಡತಿಗೆ ಹೇಳಿದ. ಅವಳು ರೊಟ್ಟಿ ಕಟ್ಟಿಕೊಟ್ಟಳು. ಅವನು ಹೊರಟ.

ಮುದುಕಿಯ ತವರಿನಲ್ಲಿ ಆ ಅಂಚನ್ನು ನೇಯುವ ಮನೆಗಳು ನಾಲ್ಕಾರು ಇದ್ದವು. ಅವರು ಅದನ್ನು ಕವಲಂಚು ಎನ್ನುತ್ತಿದ್ದರು. ಹಕ್ಕಿಹೆಜ್ಜೆ ಎಂಬ ಹೆಸರು ಕೇಳಿ ಅವರಿಗೆ ನಗು ಬಂತು. ಇದರಲ್ಲಿ ಹಕ್ಕಿ ಎಲ್ಲಿದೆ, ಇದು ಗಿಡದ ಕವಲು ಎಂದರು. ನೇಕಾರನಿಗೆ ಸಿಟ್ಟು ಬಂತು. ಅಂಚು ತನ್ನದಲ್ಲ ಎಂದು ಒಪ್ಪಿಕೊಂಡು ಬಂದವನು ಹೆಸರಿಗಾಗಿ ಒಂದು ಹಗಲು ಪೂರ್ತಿ ಜಗಳ ಮಾಡಿದ. ನೀನು ಓದುವ ಪುಸ್ತಕಗಳಲ್ಲೂ ಇಂಥವರು ಸಿಗುತ್ತಾರೆ. ಸಂಜೆಗೆ ಎರಡೂ ಕಡೆಯವರು ದಣಿದ ಮೇಲೆ ಆ ಮನೆಗಳವರು ನಿಜ ಹೇಳಿದರು. ಅಂಚು ಅವರದ್ದೂ ಅಲ್ಲ. ಅವರ ಮುತ್ತಜ್ಜ ಅದನ್ನು ಒಂದು ತೊಟ್ಟಿಲಿನ ಕೆತ್ತನೆಯಿಂದ ಎತ್ತಿಕೊಂಡಿದ್ದ. ತೊಟ್ಟಿಲು ಮಾಡಿದವರು ಹೊಳೆಯಾಚೆಯ ಬಡಿಗರು.

ನೇಕಾರ ಹೊಳೆ ದಾಟಿದ. ಬಡಿಗರು ಆ ಕೆತ್ತನೆಯನ್ನು ಬಾಣ ಎನ್ನುತ್ತಿದ್ದರು. ಈ ಸಲ ಅವನು ಹೆಸರಿಗಾಗಿ ಜಗಳ ಮಾಡಲಿಲ್ಲ. ಅದು ತಮ್ಮ ಹೆಂಗಸರು ಹೊಸ್ತಿಲ ಮುಂದೆ ಹಾಕುವ ರಂಗೋಲಿಯಿಂದ ಬಂದದ್ದು ಎಂದು ಬಡಿಗರು ಹೇಳಿದರು. ಹೆಂಗಸರನ್ನು ಕೇಳಿದ. ಅತ್ತೆ ಹಾಕುವುದನ್ನು ನೋಡಿ ಕಲಿತೆವು ಎಂದರು. ಅತ್ತೆಯರನ್ನು ಕೇಳಿದ. ಅವರು ತಮ್ಮ ಅತ್ತೆಯರನ್ನು ತೋರಿಸಿದರು. ಕೊನೆಗೆ ಒಂದೂ ಹಲ್ಲಿಲ್ಲದ ಒಬ್ಬ ಅಜ್ಜಿ ಸಿಕ್ಕಳು. ಹಿಟ್ಟು ಆರಲೆಂದು ಹರವಿದಾಗ ಗುಬ್ಬಿಗಳು ಬಂದು ತುಳಿದು ಹೋಗುತ್ತಿದ್ದವು, ಅದನ್ನು ನೋಡಿ ಹಾಗೆಯೇ ಎಳೆಯಬೇಕೆಂದು ಯಾರಿಗೋ ಅನ್ನಿಸಿರಬೇಕು ಎಂದು ಅವಳು ಹೇಳಿದಳು.

ಹೆಸರಿನ ಮಟ್ಟಿಗೆ ತಮ್ಮ ಮನೆಯವರೇ ಸರಿ ಎಂದು ನೇಕಾರನಿಗೆ ಒಂದು ಗಳಿಗೆ ಖುಷಿಯಾಯಿತು. ಹೆಸರು ಸರಿಯಾದರೂ ಅಂಚು ತನ್ನದಾಗುವುದಿಲ್ಲವಲ್ಲ ಎಂದು ಹೊಳೆದು ಆ ಖುಷಿ ಇಳಿದುಹೋಯಿತು. ಅವನು ಅಂಗಳದ ಗುಬ್ಬಿಗಳನ್ನು ನೋಡುತ್ತ ಬಹಳ ಹೊತ್ತು ಕುಳಿತ. ಕೇಳಿದರೆ ಅವೂ ತಮ್ಮ ಅತ್ತೆಯನ್ನೇ ತೋರಿಸುತ್ತಿದ್ದವೋ ಏನೋ. ಕೇಳಲು ಅವನಿಗೆ ಅವುಗಳ ಭಾಷೆ ಬರುತ್ತಿರಲಿಲ್ಲ.

ಎಂಟು ತಿಂಗಳ ಮೇಲೆ ಅವನು ಮನೆಗೆ ಬಂದ. ದಾರಿಯುದ್ದಕ್ಕೂ ಒಂದು ನಿರ್ಧಾರ ಮಾಡಿಕೊಂಡು ಬಂದಿದ್ದ. ಎರವಲು ಯಾವುದೂ ಸೇರದ ಒಂದು ಸೀರೆಯನ್ನು ನೇಯುತ್ತೇನೆ. ಆಮೇಲೆ ಅದನ್ನು ಮುಟ್ಟಿ ನನ್ನದು ಎನ್ನುತ್ತೇನೆ. ಅದಕ್ಕೆ ಅವನು ಮೊದಲು ಮಾಡಬೇಕೆಂದುಕೊಂಡ ಕೆಲಸ ಯಾವ ನೇಕಾರನೂ ಮಾಡದ ಕೆಲಸ.

ಮಗ್ಗದ ಒಂದು ಸಂಗತಿ ನಿನಗೆ ತಿಳಿದಿರಲಿ. ಸೀರೆ ಮುಗಿದಾಗ ನೇಕಾರರು ನೂಲನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಗೇಣುದ್ದ ಎಳೆಗಳನ್ನು ಮಗ್ಗದಲ್ಲೇ ಬಿಡುತ್ತಾರೆ. ಉದ್ದ ನೂಲಿನ ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಸೇರಿಸಿ ಬೆರಳಿನಲ್ಲಿ ಹೊಸೆದು ಕೂಡಿಸುತ್ತಾರೆ. ಇದನ್ನು ಕೆಚ್ಚುವುದು ಎನ್ನುತ್ತಾರೆ. ಸಾಮಾನ್ಯವಾಗಿ ಮನೆಯ ಹೆಂಗಸರು ಈ ಕೆಲಸ ಮಾಡುತ್ತಾರೆ. ಕೆಚ್ಚಿದ ಮೇಲೆ ಹಳೆಯ ಎಳೆಯನ್ನು ಮುಂದಕ್ಕೆ ಎಳೆದರೆ ಸಾಕು, ಹೊಸ ಎಳೆ ಅದರ ಬೆನ್ನಿಗೇ ಬಂದು ಮಗ್ಗದಲ್ಲಿನ ತನ್ನ ಕುಣಿಕೆಯನ್ನು ತಾನೇ ಹೊಗುತ್ತದೆ. ಯಾವ ಎಳೆ ಯಾವ ಕುಣಿಕೆಯಲ್ಲಿ ಹಾಯಬೇಕು ಎಂಬುದರಲ್ಲೇ ಅಂಚಿನ ಗುಟ್ಟು ಇರುವುದು. ಆ ಮನೆಯಲ್ಲಿ ಅಜ್ಜನ ಕಾಲದಿಂದ ಕೆಚ್ಚುತ್ತಲೇ ಬಂದಿದ್ದರು. ಮಗ್ಗ ಒಂದು ದಿನವೂ ಖಾಲಿಯಾಗಿರಲಿಲ್ಲ.

ನೇಕಾರ ಕತ್ತಿ ತೆಗೆದುಕೊಂಡು ಆ ಗೇಣುದ್ದ ಎಳೆಗಳ ಮುಂದೆ ಕುಳಿತ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

“ಕಡೀಬ್ಯಾಡ್ರಿ. ಕಡದ ಮ್ಯಾಲ ಎಳಿ ಎಲ್ಲೆಲ್ಲಿ ಹಾಯಿಸೂದು ಅಂತ ನಿಮಗ ಗೊತ್ತೈತೇನು?” ಎಂದಳು.

“ಇಪ್ಪತ್ತೈದು ವರ್ಷ ನೇದೀನಿ, ಗೊತ್ತಿರಂಗಿಲ್ಲೇನು? ಇದ್ದದ್ದಕ್ಕ ಕೆಚ್ಚಿಕೋತ ಹೋದ್ರ ನಂದು ಶುರು ಆಗೂದು ಯಾವಾಗ?” ಎಂದ ಅವನು. ಕಡಿದ. ತುಂಡುಗಳನ್ನು ಒಂದೊಂದಾಗಿ ಕಿತ್ತು ಹೊರಗೆ ಎಸೆದ.

ಖಾಲಿ ಮಗ್ಗದ ಮುಂದೆ ಕುಳಿತು ಹೊಸ ಅಂಚು ಯೋಚಿಸಿದ. ಒಂದು ಆಕಾರ ಹೊಳೆಯಿತು. ಕೈಯಾರೆ ನೆಲದ ಮೇಲೆ ಗೀಚಿ ನೋಡಿದ. ಅದು ತಾಯಿಯ ಮೂಗುತಿಯ ಆಕಾರ. ಅಳಿಸಿದ. ಇನ್ನೊಂದು ಹೊಳೆಯಿತು. ಅದು ಹೆಂಡತಿಯ ಮೊಣಕೈಯ ಹಚ್ಚೆ. ಅದನ್ನೂ ಅಳಿಸಿದ. ಕಣ್ಣು ಮುಚ್ಚಿ ಯೋಚಿಸಿದರೆ ಮಠದ ಕಿಟಕಿ ಬಂತು. ಕಂಡದ್ದನ್ನು ಬಿಟ್ಟು ಬೇರೆ ಏನೂ ಅವನ ಕೈಗೆ ಬರಲೊಲ್ಲದಾಯಿತು. ಹದಿನೈದು ದಿನ ಹೀಗೆ ಹೋಯಿತು. ಕೊನೆಗೆ ಬೇಸತ್ತು, ಯಾವ ಆಕಾರವೂ ಬೇಡ, ಬರಿ ಗೆರೆ ಸಾಕು ಎಂದು ಎಳೆ ಹಾಯಿಸಲು ತೊಡಗಿದ.

ಆಗ ಅವನಿಗೆ ತನ್ನ ತಪ್ಪು ತಿಳಿಯಿತು. ಇಪ್ಪತ್ತೈದು ವರ್ಷ ನೇದಿದ್ದ, ನಿಜ. ಖಾಲಿ ಮಗ್ಗಕ್ಕೆ ಎಳೆ ಹಾಯಿಸಿದ್ದು ಒಂದು ಸಲವೂ ಇಲ್ಲ. ಅವನ ಅಪ್ಪನೂ ಹಾಯಿಸಿರಲಿಲ್ಲ. ಎಳೆಗಳ ಜಾಡು ಯಾರ ತಲೆಯಲ್ಲೂ ಇರಲಿಲ್ಲ, ಆ ಗೇಣುದ್ದ ತುಂಡುಗಳಲ್ಲಿ ಮಾತ್ರ ಇತ್ತು. ಅವುಗಳನ್ನು ಅವನೇ ಕಿತ್ತು ಎಸೆದಿದ್ದ. ತೋಚಿದಂತೆ ಹಾಯಿಸಿ ನೇದರೆ ನಾಲ್ಕು ಬೆರಳಗಲ ಆಗುವಷ್ಟರಲ್ಲಿ ಎಳೆಗಳು ಒಂದಕ್ಕೊಂದು ತೊಡರಿ ಅಂಚು ಹರಿಯುತ್ತಿತ್ತು. ಗೆರೆ ಕೂಡ ನಿಲ್ಲಲಿಲ್ಲ.

ಊರಿನ ಉಳಿದ ನೇಕಾರರನ್ನು ಕೇಳಿದ. ನಿಮ್ಮ ಮನೆಯ ಮಗ್ಗದ ಜಾಡು ನಮಗೆ ಹೇಗೆ ಗೊತ್ತಿರುತ್ತದೆ ಎಂದರು. ಅವರೂ ಕೆಚ್ಚುತ್ತ ಬಂದವರೇ. ಕವಲಂಚಿನ ಊರಿಗೆ ಹೋಗೋಣವೆಂದರೆ ಜಗಳ ಮಾಡಿ ಬಂದ ಮುಖವನ್ನು ಮತ್ತೆ ತೋರಿಸುವುದು ಹೇಗೆ ಎಂದು ಕಾಲು ಹಿಂದಾಯಿತು. ಅವನು ನೇದ ಸೀರೆಗಳೆಲ್ಲ, ಮುದುಕಿಗೆ ಕೊಟ್ಟದ್ದೂ ಸೇರಿ, ದೂರದ ಊರುಗಳಿಗೆ ಹೋಗಿಬಿಟ್ಟಿದ್ದವು. ನೇಕಾರನ ಹೆಂಡತಿ ಉಡುವುದು ಸಾದಾ ಅಂಚಿನ ಸೀರೆ. ಮೊದಲ ಸಲ ಅವನಿಗೆ ಹೆದರಿಕೆಯಾಯಿತು. ಹೆಸರಿನ ಚಿಂತೆ ಅತ್ತ ಇರಲಿ, ಅಜ್ಜನ ಮಗ್ಗ ತನ್ನ ಕೈಯಲ್ಲಿ ನಿಂತುಹೋಯಿತಲ್ಲ ಎಂದು ಅವನು ಅತ್ತ.

ಹೆಂಡತಿ ಬೈಯಲಿಲ್ಲ. ಅಟ್ಟದಿಂದ ಒಂದು ಹಳೆಯ ಕೌದಿ ಇಳಿಸಿದಳು. ಅವಳ ಅತ್ತೆ ಹರಿದ ಅರಿವೆಗಳನ್ನೆಲ್ಲ ಸೇರಿಸಿ ಹೊಲಿದ ಹೊದಿಕೆ ಅದು. ಅದರ ಒಂದು ಮೂಲೆಯಲ್ಲಿ ಅಜ್ಜ ನೇದ ಅಂಚಿನ ತುಂಡೊಂದು ಇತ್ತು. ಅತ್ತೆಯ ಹೊಲಿಗೆಯನ್ನು ಸೂಜಿಯಿಂದ ಬಿಚ್ಚುವಾಗ ಅವಳ ಕೈ ಎರಡು ಸಲ ತಡೆಯಿತು. ಆದರೂ ಬಿಚ್ಚಿದಳು.

ಮರುದಿನದಿಂದ ಇಬ್ಬರೂ ಕುಳಿತರು. ಅವಳು ತುಂಡನ್ನು ಬೆಳಕಿಗೆ ಹಿಡಿದು ಒಂದೊಂದೇ ಎಳೆಯನ್ನು ಓದುತ್ತಿದ್ದಳು. ಮೇಲೆ, ಕೆಳಗೆ, ಕೆಳಗೆ, ಮೇಲೆ. ಅವನು ಹಾಯಿಸುತ್ತಿದ್ದ. ಒಂದು ಎಳೆ ತಪ್ಪಿದರೆ ಮತ್ತೆ ಮೊದಲಿನಿಂದ. ಕಣ್ಣಿಗೆ ಬೆಳಕು ಸಾಲದಾದ ಕೂಡಲೇ ಏಳುತ್ತಿದ್ದರು, ಬೆಳಗಾದ ಕೂಡಲೇ ಕೂರುತ್ತಿದ್ದರು. ಎರಡು ತಿಂಗಳು ಹಿಡಿಯಿತು. ಹೊಸದು ಮಾಡಬೇಕೆಂಬ ಮಾತನ್ನು ಅವನು ಆ ಎರಡು ತಿಂಗಳಲ್ಲಿ ಒಮ್ಮೆಯೂ ಎತ್ತಲಿಲ್ಲ. ಮಗ್ಗ ನಡೆಯಬೇಕು, ಅಷ್ಟೇ ಅವನಿಗೆ ಬೇಕಾಗಿತ್ತು.

ತುಂಡಿನ ಒಂದು ಕಡೆ ಬಟ್ಟೆ ಸವೆದು ತೂತಾಗಿತ್ತು. ಒಂದು ಹೆಜ್ಜೆಗೂ ಮುಂದಿನ ಹೆಜ್ಜೆಗೂ ನಡುವೆ ಎರಡು ಬೆರಳಗಲ ಜಾಗ. ಅಲ್ಲಿ ಎಳೆ ಹೇಗೆ ಹಾಯುತ್ತಿತ್ತು ಎಂದು ಹೇಳುವವರು ಯಾರೂ ಇರಲಿಲ್ಲ. ನೇಕಾರ ಒಂದು ರೀತಿ ಹಾಯಿಸಿದ, ಹರಿಯಿತು. ಇನ್ನೊಂದು ರೀತಿ ಹಾಯಿಸಿದ, ಅದೂ ಹರಿಯಿತು. ಒಂಬತ್ತು ಸಲ ಬಿಚ್ಚಿದ. ಹತ್ತನೆಯ ಸಲ, ಆ ಜಾಗದಲ್ಲಿ ಒಂದು ಹೆಜ್ಜೆಯನ್ನು ಹಿಮ್ಮುಖವಾಗಿ ತಿರುಗಿಸಿದಾಗ ಅರಿವೆ ಬಿಗಿಯಾಗಿ ನಿಂತಿತು. ಹಾಗೆ ಮುಂದಕ್ಕೆ ನಡೆಯುವ ಹೆಜ್ಜೆಗಳ ನಡುವೆ ಅಲ್ಲಲ್ಲಿ ಒಂದು ಹಿಂದಕ್ಕೆ ತಿರುಗಿದ ಹೆಜ್ಜೆ ಸೇರಿಕೊಂಡಿತು. ಅಜ್ಜನ ಅಂಚಿನಲ್ಲಿ ಅದು ಇರಲಿಲ್ಲ, ಕವಲಂಚಿನಲ್ಲೂ ಇರಲಿಲ್ಲ. ಅದರ ಬಗ್ಗೆ ಹೆಮ್ಮೆ ಪಡುವಷ್ಟು ತ್ರಾಣ ನೇಕಾರನಲ್ಲಿ ಉಳಿದಿರಲಿಲ್ಲ. ಹರಿಯಲಿಲ್ಲವಲ್ಲ ಎಂದು ಎದ್ದು ನೀರು ಕುಡಿದ.

ಸೀರೆ ಮುಗಿಯಿತು. ಮಗ್ಗದಿಂದ ಇಳಿಸುವಾಗ ಗೇಣುದ್ದ ಎಳೆಗಳನ್ನು ಅಲ್ಲೇ ಬಿಟ್ಟ.

ಹಿರಿಯರು ಕೂಡಿದ ದಿನ ಅವನು ಸೀರೆಯನ್ನು ಹಾಸಿ ನಿಂತ. ಇದು ಯಾರದು ಎಂದು ಹಿರಿಯರು ಕೇಳಿದರು. ಅವನು ಸೀರೆಯನ್ನು ಮುಟ್ಟಿದ. ನನ್ನದು ಎನ್ನಲು ಬಾಯಿ ಬರಲಿಲ್ಲ. ಗುಬ್ಬಿಯಿಂದ ಶುರುಮಾಡಿ ಎಲ್ಲ ಹೇಳಿದ. ರಂಗೋಲಿ ಹಾಕಿದ ಅತ್ತೆಯರು, ಹೊಳೆಯಾಚೆಯ ಬಡಿಗರು, ಕವಲಂಚಿನ ಮುತ್ತಜ್ಜ, ತನ್ನ ಅಜ್ಜ, ಕೌದಿ ಹೊಲಿದ ತಾಯಿ, ಎಳೆ ಓದಿದ ಹೆಂಡತಿ. ಅಂಗಳದಲ್ಲಿ ಗುಸುಗುಸು ಎದ್ದಿತು. ಹಿರಿಯರಲ್ಲಿ ಒಬ್ಬನಿಗೆ ತಾಳ್ಮೆ ತಪ್ಪಿತು.

“ಊರ ಮಂದೀದೆಲ್ಲಾ ಹೆಸರು ಹೇಳಿದಿ. ಹಂಗಾರ ಇದರಾಗ ನಿಂದೇನೈತೋ?” ಎಂದು ಕೇಳಿದ.

“ಇದರಾಗ ತಪ್ಪಿದ್ರ ಅದು ನಂದ್ರಿ. ಎಲ್ಲಿ ಹರದ್ರೂ ನನ್ನ ಕೇಳ್ರಿ. ಬಿಚ್ಚಿ ನೇದು ಕೊಡಾಂವ ನಾನು” ಎಂದ ನೇಕಾರ.

ಹಿರಿಯರು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಆ ಉತ್ತರ ಪದ್ಧತಿಯಲ್ಲಿ ಇರಲಿಲ್ಲ. ನನ್ನದು ಎಂಬ ಒಂದು ಮಾತನ್ನು ಹೇಳಿ ಹೋದವರ ಸೀರೆಗಳು ಎರಡೇ ವರ್ಷಕ್ಕೆ ಹರಿದದ್ದನ್ನು ಅವರು ಕಂಡಿದ್ದರು, ಹರಿದಾಗ ಯಾರೂ ಮುಂದೆ ಬಂದಿರಲಿಲ್ಲ. ಎಲ್ಲರಿಗಿಂತ ಹಿರಿಯನಾದವನು ಎದ್ದು ಬಂದು, ಹಿಂದಕ್ಕೆ ತಿರುಗಿದ ಹೆಜ್ಜೆಯ ಮೇಲೆ ಬೆರಳಾಡಿಸಿ, ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿದ. ಆಮೇಲೆ ನೇಕಾರನ ತೊಟ್ಟಿಲ ಹೆಸರು ಏನೆಂದು ಪಕ್ಕದವನನ್ನು ಕೇಳಿ ತಿಳಿದುಕೊಂಡು, ಅದನ್ನು ಹಿಡಿದು ಅವನನ್ನು ಮುಂದಿನ ಸಾಲಿಗೆ ಕರೆದ.

ಸರ್ ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಹೊರಗೆ ತರಗತಿ ಬಿಟ್ಟ ವಿದ್ಯಾರ್ಥಿಗಳ ಸದ್ದು ಬಂತು, ಹೋಯಿತು.

ಸಕ್ರಿಬಾಯಿ ಕತೆಗೆ ಸೋಲುವ ಹೆಣ್ಣಲ್ಲ. ಅವಳು ಪ್ರತಿಯೊಂದು ಮಾತನ್ನೂ ತೂಗಿ ನೋಡುತ್ತಿದ್ದಳು. ತಪ್ಪಿಗೆ ಹೊಣೆಯಾಗು ಎಂಬ ಮಾತು ಅವಳಿಗೆ ಒಪ್ಪಿಗೆಯಾಗಿತ್ತು. ಮುನ್ನೂರು ಪುಟದಲ್ಲಿ ಯಾರು ಯಾವ ಸಾಲನ್ನು ತೋರಿಸಿ ಕೇಳಿದರೂ ಉತ್ತರ ಕೊಡುವ ಧೈರ್ಯ ಅವಳಿಗೆ ಇತ್ತು. ಆದರೆ ಒಂದು ಕಡೆ ಕತೆ ತನಗೆ ಹೊಂದುವುದಿಲ್ಲ ಎಂದು ಅವಳಿಗೆ ಕಂಡಿತು. ಅದನ್ನು ಮುಚ್ಚಿಟ್ಟುಕೊಳ್ಳುವುದು ಅವಳ ಸ್ವಭಾವವಲ್ಲ.

“ಸರ್, ಆ ನೇಕಾರಗ ಅಜ್ಜನ ಮಗ್ಗ ಇತ್ತು. ಕಡದ್ರೂ ಕೌದ್ಯಾಗ ಒಂದು ತುಂಡರ ಉಳದಿತ್ತು. ನಮ್ಮ ತಾಂಡಾದಾಗ ಇಲ್ಲೀತನಕ ಓದಿ ಬಂದಾಕಿ ನಾನ ಮೊದಲ. ಹಾಡು ಇದ್ವು, ಆದ್ರ ಬರಿಯೂದರಾಗ ನನಗ ಕೆಚ್ಚಾಕ ನಮ್ಮವರು ಬರದದ್ದು ಒಂದ ಎಳೀನೂ ಇರಲಿಲ್ಲ. ಎಲ್ಲಾ ಹೊರಗಿಂದ ತಂದೀನಿ. ಹಂಗಿದ್ದ ಮ್ಯಾಲ ಇದನ್ನ ಒಪ್ಪಿಸಿ ಏನ್ ಮಾಡ್ಲಿ?” ಎಂದಳು. ಅವಳ ದನಿ ಗಟ್ಟಿಯಾಗಿಯೇ ಇತ್ತು.

ಈರಸಂಗಪ್ಪ ಸರ್ ಮಡಚಿಟ್ಟ ಅರ್ಜಿಯನ್ನು ತೆಗೆದು ಅವಳ ಕೈಗೇ ಕೊಟ್ಟರು.

“ನಿನಗಂತೂ ಇರಲಿಲ್ಲ. ನಿನ್ನ ಹಿಂದ ಬರೂ ಹುಡುಗಿಗಾದ್ರೂ ಕೆಚ್ಚಾಕ ಒಂದ ಎಳಿ ಬ್ಯಾಡೇನು, ಯವ್ವಾ?”

ಸಕ್ರಿಬಾಯಿ ಅರ್ಜಿಯನ್ನು ಎರಡಾಗಿ ಹರಿದು, ಸರ್ ತೋರಿಸಿದ್ದ ಕುರ್ಚಿಯಲ್ಲಿ ಕೂತಳು.